ಕುಂದಾದ್ರಿಯಲ್ಲಿ ಅಡ್ಡ ಮಳೆ

ಪುಷ್ಯ ಮಳೆ ಹಿಡಿದಿತ್ತು. ಇಂಥ ಹೊತ್ತಲ್ಲಿ ಕುಂದಾದ್ರಿಗೆ ಹೊರಟಿದ್ದೇವೆ ಅಂದಾಗ ತೀರ್ಥಹಳ್ಳಿಯ ಅತ್ತೆ, "ಅಲ್ಲೆಂತ ಕಾಣ್ತದೆ ಮಾರಾಯ, ಬರೀ ಬೆಳ್ಳಗೆ" ಅಂದರು. ನನ್ನ ಜೊತೆ ಅವರ ಮೊಮ್ಮಗ. ಒಂಬತ್ತನೇ ಕ್ಲಾಸು, ತಲೆ ತುಂಬ ನಕ್ಷತ್ರ.

ಗುಡ್ಡೇಕೇರಿಯಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಅತ್ತೆ ಹೇಳಿದ್ದು ಸರಿ. 826 ಮೀಟರ್ ಎತ್ತರದ ಗುಡ್ಡ ಹತ್ತಿದರೂ ಪಾರ್ಶ್ವನಾಥ ಬಸದಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬಂಡೆಯ ಅಂಚಿಗೆ ಬಂದದ್ದೇ ತಡ, ಕೊಡೆ ಉಲ್ಟಾ ಆಯ್ತು. ಎರಡು ಕಡ್ಡಿ ಲಟಕ್ಕೆಂದವು. ಮಳೆ ಮೇಲಿಂದ ಬೀಳುತ್ತಲೇ ಇರಲಿಲ್ಲ. ಕಣಿವೆಯಿಂದ ಅಡ್ಡಡ್ಡ ಬಂದು ಕಿವಿಯೊಳಗೆ ನುಗ್ಗುತ್ತಿತ್ತು.

"ಮಾವ, ಎಚ್‌ಡಿ 189733 ಬಿ ಗ್ರಹದಲ್ಲೂ ಹೀಗೇ ಅಡ್ಡ ಮಳೆಯಂತೆ. ನೀರಲ್ಲ, ಗಾಜು!"

ಬಸದಿಯ ಮರೆಯಲ್ಲಿ ಕೂತು, ಕಾಲಿಗೆ ಕಚ್ಚಿದ್ದ ಇಂಬಳ ಕೀಳುತ್ತಾ ಪೂರ್ತಿ ಕಥೆ ಕೇಳಿದೆ. ನಮ್ಮ ಸೌರಮಂಡಲದ ಆಚೆಯ ಗ್ರಹ, ಗುರುಗ್ರಹಕ್ಕಿಂತ ಸ್ವಲ್ಪ ದೊಡ್ಡದು. 2005ರಲ್ಲಿ ಸಿಕ್ಕಿದ್ದು. ತನ್ನ ಸೂರ್ಯನಿಗೆ ಎಷ್ಟು ಹತ್ತಿರ ಅಂದರೆ 2.2 ದಿನಕ್ಕೇ ಒಂದು ಸುತ್ತು. ನಾವು ಶನಿವಾರ ಬೆಳಿಗ್ಗೆ ಮನೆ ಬಿಟ್ಟು ಸೋಮವಾರ ಮಧ್ಯಾಹ್ನ ವಾಪಸ್ ಬಂದರೆ ಅಲ್ಲಿ ಒಂದು ವರ್ಷ ಮುಗಿದಿರುತ್ತದೆ. ಸೆಕೆ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಾಳಿಯಲ್ಲಿ ಮರಳಿನ ಜಾತಿಯ ಸಿಲಿಕೇಟ್ ಕಣ ತೇಲುತ್ತವೆ, ಅವೇ ಗಾಜಾಗಿ ಅಡ್ಡ ಹಾರಬಹುದು ಅಂತ ವಿಜ್ಞಾನಿಗಳ ಅಂದಾಜು. ಗಾಳಿಯ ವೇಗ ಗಂಟೆಗೆ 8,700 ಕಿಲೋಮೀಟರ್‌ವರೆಗೂ ಹೋಗಬಹುದಂತೆ. ಶಿವಮೊಗ್ಗದಿಂದ ಆಗುಂಬೆಗೆ ಒಂದು ನಿಮಿಷವೂ ಬೇಡ. ನಮ್ಮ ಬಸ್ಸು ತೀರ್ಥಹಳ್ಳಿ ಮುಟ್ಟೋಕೇ ಎಷ್ಟು ಹೊತ್ತು ತಗೊಂಡಿತ್ತು ಅಂತ ಹೇಳೋದು ಬೇಡ ಬಿಡಿ.

ಹೀಗೆ ಕೂರೋಕೆ ಅಲ್ಲಿ ಬಂಡೆಯೂ ಇಲ್ಲ. ಪೂರಾ ಅನಿಲ. ಇಳಿದಷ್ಟೂ ಒತ್ತಡ ಜಾಸ್ತಿ, ಕಾಲಿಡೋಕೆ ನೆಲ ಅಂತ ಸಿಗಲ್ಲ. ಸಾಲದ್ದಕ್ಕೆ, 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅಲ್ಲಿ ಹೈಡ್ರೋಜನ್ ಸಲ್ಫೈಡ್ ಪತ್ತೆ ಮಾಡಿತು. ಕೊಳೆತ ಮೊಟ್ಟೆ ವಾಸನೆ! ನಮಗೆ ಬರುತ್ತಿದ್ದದ್ದು ಒದ್ದೆ ಕಾಲುಚೀಲದ್ದು ಮಾತ್ರ.

ನನಗೆ ಹಿಡಿಸಿದ್ದು ಬಣ್ಣ. ಆ ಗ್ರಹ ನೀಲಿಯಂತೆ. ಸಮುದ್ರ ಇರಬೇಕು ಅನ್ನಿಸುತ್ತೆ, ಅಲ್ವಾ? ಅಲ್ಲ, ಆ ಸಿಲಿಕೇಟ್ ಕಣಗಳೇ ನೀಲಿ ಬೆಳಕನ್ನು ಚದುರಿಸುವುದು.

ರಾತ್ರಿ ತೀರ್ಥಹಳ್ಳಿಯಲ್ಲಿ ಕರೆಂಟ್ ಇರಲಿಲ್ಲ. ಮೋಡ ಸ್ವಲ್ಪ ಬಿರಿದಾಗ ಹುಡುಗ ಅಂಗಳಕ್ಕೆ ಎಳೆದುಕೊಂಡು ಹೋದ. ಶ್ರವಣ ನಕ್ಷತ್ರದಿಂದ ಕೊಂಚ ಉತ್ತರಕ್ಕೆ ಅಂತ ಬೆರಳು ತೋರಿಸಿದ. ಆ ಗ್ರಹ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಸುಮ್ನೆ ಆ ಕಡೆ ನೋಡಿದೆವು. ದೂರ ಸುಮಾರು 64 ಜ್ಯೋತಿರ್ವರ್ಷ.

"ಅಜ್ಜಿ, ನೀನು ತೊಟ್ಟಿಲಲ್ಲಿದ್ದಾಗ ಹೊರಟ ಬೆಳಕು ಈಗ ಬರ್ತಾ ಇದೆ!"

"ಬರ್ಲಿ ಬರ್ಲಿ. ಆ ಒದ್ದೆ ಕಾಲುಚೀಲ ಕೊಡಿ ಮೊದಲು, ಬಚ್ಚಲೊಲೆ ಹತ್ರ ಹಾಕ್ತೀನಿ."