ಒಂದು ಕಂಪ್ಯೂಟರ್, ಇಡೀ ತಂಡದ ಫೋನುಗಳು: ಎಡಿಬಿ ಬಳಸುತ್ತಾ ಕಲಿತದ್ದು

ನಾನು ಕೆಲಸ ಮಾಡುವುದು ಹಳ್ಳಿಗಳಲ್ಲಿ ಮನೆ ಮನೆ ಸರ್ವೆ ಮಾಡಿಸುವ ಒಂದು ಸಣ್ಣ ಸಂಸ್ಥೆಯಲ್ಲಿ. ಫೀಲ್ಡಿಗೆ ಹೋಗುವವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನು, ಟ್ಯಾಬುಗಳ ಉಸ್ತುವಾರಿ ನನ್ನದು. ಯಾವುದರಲ್ಲಿ ಯಾವ ಆ್ಯಪ್ ಇರಬೇಕು, ಯಾವ ವರ್ಷನ್ ಇರಬೇಕು, ಏನು ಇರಬಾರದು, ಎಲ್ಲ ನಾನೇ ನೋಡಬೇಕು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ದುಡ್ಡು ಕೊಟ್ಟು ತರುವ ಎಂಡಿಎಂ (ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್) ಸಾಫ್ಟ್‌ವೇರ್ ಇರುತ್ತದೆ. ನಮ್ಮಂಥವರ ಬಜೆಟ್ಟಿಗೆ ಅದು ಭಾರ. ನಾನು ಬಳಸುವುದು ಎಡಿಬಿ, ಅಂದರೆ ಆಂಡ್ರಾಯ್ಡ್ ಡೀಬಗ್ ಬ್ರಿಜ್. ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡಿ, ಕೇಬಲ್‌ನಲ್ಲಿ ಸೇರಿಸಿದ ಫೋನಿನಿಂದ ಕೆಲಸ ಮಾಡಿಸುವ ಸಾಧನ ಇದು. ಗೂಗಲ್ ಉಚಿತವಾಗಿ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಎಂಬ ಜಿಪ್ ಫೈಲಿನಲ್ಲಿ ಇದು ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಜಿಪ್ ಬಿಚ್ಚಿ, ಆ ಫೋಲ್ಡರಿನಲ್ಲೇ ಕಮಾಂಡ್ ವಿಂಡೋ ತೆರೆದರೆ ಆಯ್ತು.

ಇದು ಡೆವಲಪರ್‌ಗಳ ಸಾಮಾನು ಅಂತ ತಿಳಿದು ನಮ್ಮ ಥರದ ಕೆಲಸದವರು ದೂರ ಇಟ್ಟುಬಿಡುತ್ತಾರೆ. ಬಳಸುವವರಲ್ಲೂ ಜಾಸ್ತಿ ಜನ ಫೋನಿನ ಜೊತೆಗೇ ಬಂದ ಬೇಡದ ಆ್ಯಪುಗಳನ್ನು ಕಿತ್ತುಹಾಕಲು ಮಾತ್ರ ಬಳಸುತ್ತಾರೆ. ನನ್ನ ಅನುಭವದಲ್ಲಿ ಇದರ ನಿಜವಾದ ಉಪಯೋಗ ಕೀಳುವುದರಲ್ಲಿ ಇಲ್ಲ. ಏನಿದೆ ಅಂತ ಸರಿಯಾಗಿ ನೋಡುವುದರಲ್ಲಿ ಇದೆ. ನೋಡದೆ ಕೈ ಹಾಕಿದರೆ ಹೋಗುವುದು ಆ್ಯಪ್ ಅಲ್ಲ, ಬಿಸಿಲಿನಲ್ಲಿ ನಡೆದು ಯಾರೋ ತುಂಬಿಕೊಂಡು ಬಂದ ಮಾಹಿತಿ.

ಶುರು ಮಾಡುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಕಾಣಿಸುತ್ತದೆ. ಅದರಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ರೆಡ್ಮಿ ಥರದ ಫೋನುಗಳಲ್ಲಿ ಯುಎಸ್‌ಬಿ ಮೂಲಕ ಆ್ಯಪ್ ಹಾಕಲು ಇನ್ನೊಂದು ಸ್ವಿಚ್ ಬೇರೆ ಇರುತ್ತದೆ, ಅದನ್ನೂ ಆನ್ ಮಾಡಬೇಕು. ಕೇಬಲ್ ಚುಚ್ಚಿದ ಮೇಲೆ ಫೋನಿನ ಪರದೆಯಲ್ಲಿ ಈ ಕಂಪ್ಯೂಟರನ್ನು ನಂಬಬೇಕಾ ಅಂತ ಕೇಳುತ್ತದೆ, ಒಪ್ಪಿಗೆ ಕೊಡಿ. ಎಡಿಬಿ ಡಿವೈಸಸ್ ಅಂತ ಕಮಾಂಡ್ ಕೊಟ್ಟರೆ ಫೋನಿನ ಸೀರಿಯಲ್ ನಂಬರ್ ಬರುತ್ತದೆ. ಪಕ್ಕದಲ್ಲಿ ಅನ್‌ಆಥರೈಸ್ಡ್ ಅಂತಿದ್ದರೆ ಒಪ್ಪಿಗೆ ಕೊಟ್ಟಿಲ್ಲ ಅಂತ ಅರ್ಥ. ಏನೂ ಬರದಿದ್ದರೆ ಮೊದಲು ಕೇಬಲ್ ಬದಲಿಸಿ. ಪೇಟೆಯಲ್ಲಿ ಸಿಗುವ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದೇ ಇಲ್ಲ. ಡ್ರೈವರ್ ಹುಡುಕುತ್ತಾ ಅರ್ಧ ದಿನ ಕಳೆಯುವುದಕ್ಕಿಂತ ಇದನ್ನು ಮೊದಲು ನೋಡುವುದು ಒಳ್ಳೆಯದು.

ಈಗ ನೋಡುವ ಕೆಲಸ. ಪಿಎಂ ಲಿಸ್ಟ್ ಪ್ಯಾಕೇಜಸ್ ಎಂಬ ಶೆಲ್ ಕಮಾಂಡಿಗೆ (ಎಡಿಬಿ ಮೂಲಕ ಫೋನಿನ ಒಳಗೇ ನಡೆಯುವ ಕಮಾಂಡ್; ಪಿಎಂ ಅಂದರೆ ಪ್ಯಾಕೇಜ್ ಮ್ಯಾನೇಜರ್) ಹೈಫನ್ 3 ಸೇರಿಸಿದರೆ ಫೋನಿನ ಜೊತೆ ಬಂದದ್ದನ್ನು ಬಿಟ್ಟು, ಆಮೇಲೆ ಹಾಕಿಕೊಂಡ ಆ್ಯಪುಗಳ ಪಟ್ಟಿ ಬರುತ್ತದೆ. ಹೈಫನ್ ಎಸ್ ಕೊಟ್ಟರೆ ಸಿಸ್ಟಮ್ ಆ್ಯಪುಗಳು, ಹೈಫನ್ ಡಿ ಕೊಟ್ಟರೆ ನಿಲ್ಲಿಸಿಟ್ಟ ಆ್ಯಪುಗಳು. ಫೋನಿನ ಪರದೆಯಲ್ಲಿ ಐಕಾನ್ ನೋಡಿ ಲೆಕ್ಕ ಹಾಕುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಐಕಾನೇ ಇಲ್ಲದ ಆ್ಯಪುಗಳು ಇರುತ್ತವೆ. ಒಂದೇ ಹೆಸರು, ಒಂದೇ ಐಕಾನ್ ಇಟ್ಟುಕೊಂಡ ಬೇರೆ ಬೇರೆ ಆ್ಯಪುಗಳೂ ಇರುತ್ತವೆ. ಆದರೆ ಒಂದು ಫೋನಿನಲ್ಲಿ ಎರಡು ಆ್ಯಪುಗಳಿಗೆ ಒಂದೇ ಪ್ಯಾಕೇಜ್ ಹೆಸರು, ಅಂದರೆ ಆಂಡ್ರಾಯ್ಡ್ ಒಳಗೆ ಆ್ಯಪನ್ನು ಗುರುತಿಸುವ ಹೆಸರು, ಇರಲು ಆಗುವುದಿಲ್ಲ. ಅದಕ್ಕೇ ನಾನು ನಂಬುವುದು ಪ್ಯಾಕೇಜ್ ಹೆಸರನ್ನು. ಡಂಪ್‌ಸಿಸ್ ಪ್ಯಾಕೇಜ್ ಅಂತ ಕೇಳಿ ಆ ಹೆಸರು ಕೊಟ್ಟರೆ ವರ್ಷನ್, ಯಾವಾಗ ಹಾಕಿದ್ದು, ಯಾವಾಗ ಅಪ್‌ಡೇಟ್ ಆದದ್ದು, ಯಾವ ಯಾವ ಪರ್ಮಿಷನ್ ಪಡೆದಿದೆ, ಎಲ್ಲ ಸಿಗುತ್ತದೆ.

ಇದೆಲ್ಲ ಬರುವುದು ಬರೀ ಅಕ್ಷರದ ರೂಪದಲ್ಲಿ, ಅಲ್ವಾ? ನನಗೆ ಅದೇ ಅನುಕೂಲ. ಒಂದು ಸಣ್ಣ ಬ್ಯಾಚ್ ಫೈಲ್, ಅಂದರೆ ಕಮಾಂಡುಗಳನ್ನು ಒಂದರ ಹಿಂದೆ ಒಂದು ತಾನೇ ಓಡಿಸುವ ಫೈಲ್, ಬರೆದಿಟ್ಟಿದ್ದೇನೆ. ಯುಎಸ್‌ಬಿ ಹಬ್‌ಗೆ ಫೋನುಗಳನ್ನು ಸಾಲಾಗಿ ಚುಚ್ಚಿದರೆ, ಎಡಿಬಿ ಪಕ್ಕದಲ್ಲೇ ಹಾಕುವ ಹೈಫನ್ ಎಸ್ (ಸಿಸ್ಟಮ್ ಆ್ಯಪಿನದಲ್ಲ, ಇದು ಬೇರೆ) ಜೊತೆ ಒಂದೊಂದರ ಸೀರಿಯಲ್ ನಂಬರ್ ಕೊಟ್ಟು, ಪ್ರತಿ ಫೋನಿನ ಪಟ್ಟಿಯನ್ನೂ ತಾರೀಖಿನ ಸಮೇತ ಬೇರೆ ಬೇರೆ ಫೈಲಿಗೆ ಬರೆದಿಡುತ್ತದೆ. ತಿಂಗಳ ನಂತರ ಯಾರದೋ ಫೋನ್ ನಿಧಾನ ಆಯ್ತು ಅಂದರೆ ಹಳೇ ಪಟ್ಟಿ, ಹೊಸ ಪಟ್ಟಿ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಹೊಸದಾಗಿ ಏನು ಸೇರಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಯಾರನ್ನೂ ಅನುಮಾನದಿಂದ ಪ್ರಶ್ನೆ ಮಾಡಬೇಕಾಗಿಲ್ಲ.

ಇನ್ನು ಅಪ್‌ಡೇಟ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಾವು ಸರ್ವೆಗೆ ಬಳಸುವುದು ಓಡಿಕೆ ಕಲೆಕ್ಟ್ ಎಂಬ ಆ್ಯಪ್. ಸಿಗ್ನಲ್ ಇಲ್ಲದ ಊರಲ್ಲೂ ಫಾರ್ಮ್ ತುಂಬಬಹುದು, ತುಂಬಿದ್ದು ಫೋನಿನಲ್ಲೇ ಕುಳಿತಿರುತ್ತದೆ, ನೆಟ್‌ವರ್ಕ್ ಸಿಕ್ಕಾಗ ಸರ್ವರಿಗೆ ಹೋಗುತ್ತದೆ. ಮೊದಲು ಈ ಫಾರ್ಮುಗಳು ಫೋನಿನ ಮೆಮೊರಿಯಲ್ಲಿ ಎಲ್ಲರಿಗೂ ಕಾಣುವ ಓಡಿಕೆ ಎಂಬ ಫೋಲ್ಡರಿನಲ್ಲಿ ಇರುತ್ತಿದ್ದವು. ಆಮೇಲೆ ಆಂಡ್ರಾಯ್ಡ್ ನಿಯಮ ಬಿಗಿಯಾಯಿತು. ಈಗ ಅವು ಆ್ಯಪಿನ ಸ್ವಂತ ಜಾಗದಲ್ಲಿ, ಆಂಡ್ರಾಯ್ಡ್ ಫೋಲ್ಡರಿನ ಡೇಟಾ ಎಂಬ ಭಾಗದ ಒಳಗೆ ಇರುತ್ತವೆ. ಇದರ ಪರಿಣಾಮ ಏನು ಗೊತ್ತಾ? ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದ ಕ್ಷಣ ಆ ಜಾಗವೂ ಅಳಿಸಿಹೋಗುತ್ತದೆ. ಕಳಿಸದೆ ಉಳಿದಿದ್ದ ಫಾರ್ಮುಗಳೂ ಅದರ ಜೊತೆ ಹೋಗುತ್ತವೆ. ಆ್ಯಪಿನ ಡೇಟಾ ಅಳಿಸುವ ಪಿಎಂ ಕ್ಲಿಯರ್ ಕಮಾಂಡ್ ಕೊಟ್ಟರೂ ಅಷ್ಟೇ.

ಅನ್‌ಇನ್‌ಸ್ಟಾಲ್ ಮಾಡಬೇಕು ಅನ್ನಿಸುವ ಸಂದರ್ಭ ಹೇಗೆ ಬರುತ್ತದೆ ನೋಡಿ. ಎಡಿಬಿ ಇನ್‌ಸ್ಟಾಲ್ ಹೈಫನ್ ಆರ್ ಅಂತ ಕೊಟ್ಟರೆ ಹಳೇ ಆ್ಯಪಿನ ಮೇಲೆ ಹೊಸದು ಕೂರುತ್ತದೆ, ಡೇಟಾ ಹಾಗೇ ಉಳಿಯುತ್ತದೆ. ಆದರೆ ಕೆಲವು ಸಲ ಅಪ್‌ಡೇಟ್ ಇನ್‌ಕಂಪ್ಯಾಟಿಬಲ್ ಅಂತ ಎರರ್ ಬರುತ್ತದೆ. ಇದಕ್ಕೆ ಕಾರಣ ಸಹಿ. ಪ್ರತಿ ಎಪಿಕೆ ಫೈಲಿಗೂ (ಆ್ಯಪ್ ಹಾಕುವ ಫೈಲ್) ಅದನ್ನು ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ. ಫೋನಿನಲ್ಲಿರುವುದು ಒಂದು ಸಹಿ, ನೀವು ಹಾಕಲು ಹೊರಟದ್ದು ಇನ್ನೊಂದು ಸಹಿ ಆಗಿದ್ದರೆ ಆಂಡ್ರಾಯ್ಡ್ ಬಿಡುವುದಿಲ್ಲ. ಬಿಡಲೂಬಾರದು, ಇಲ್ಲದಿದ್ದರೆ ಯಾರು ಬೇಕಾದರೂ ನಕಲಿ ಆ್ಯಪ್ ತಂದು ಒಳಗಿನ ಡೇಟಾ ಓದಿಬಿಡುತ್ತಿದ್ದರು. ಈ ಎರರ್ ಬಂದಾಗ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸುಮ್ನೆ ಹಳೆಯದನ್ನು ತೆಗೆದು ಹೊಸದು ಹಾಕಿ ಅನ್ನುವ ಸಲಹೆಯೇ ಜಾಸ್ತಿ ಸಿಗುತ್ತದೆ. ಸಲಹೆ ಕೊಟ್ಟವರ ಫೋನಿನಲ್ಲಿ ಕಳಿಸದ ಫಾರ್ಮುಗಳು ಇರಲಿಲ್ಲ, ಅಷ್ಟೇ.

ನಮ್ಮ ತಂಡದ ಒಬ್ಬರು ಅಕ್ಕ ಫೋನ್ ಕೊಡುವಾಗ ಪ್ರತಿ ಸಲ ಕೇಳುತ್ತಾರೆ: "ಸರ್, ಇದನ್ನು ಸರಿ ಮಾಡಿದ್ರೆ ನಿನ್ನೆ ಮಾಡಿದ ಮನೆಗಳು ಹೋಗಲ್ಲ ತಾನೇ?" ಅವರು ಫಾರ್ಮ್ ಅನ್ನುವುದಿಲ್ಲ, ಮನೆ ಅನ್ನುತ್ತಾರೆ. ಒಂದು ಫಾರ್ಮ್ ಅಂದರೆ ಒಂದು ಮನೆ ಬಾಗಿಲಲ್ಲಿ ಕೂತು, ಕೂಲಿಗೆ ಹೊರಟವರನ್ನು ನಿಲ್ಲಿಸಿಕೊಂಡು ಮಾತಾಡಿ ಬರೆದುಕೊಂಡದ್ದು. ಇನ್ನೊಂದು ಸಲ ಹೋಗಿ ಅದನ್ನೇ ಕೇಳಲು ಮುಖ ಬರುತ್ತಾ?

ಹಾಗಾಗಿ ನನ್ನ ಮೇಜಿನ ಮೇಲೆ ಕ್ರಮ ಒಂದೇ. ಮೊದಲು ಎಲ್ಲ ಫಾರ್ಮ್ ಸರ್ವರಿಗೆ ಕಳಿಸಿ, ಸರ್ವರಿನಲ್ಲಿ ಬಂದಿದೆಯಾ ಅಂತ ಕಣ್ಣಾರೆ ನೋಡುವುದು. ಆಮೇಲೆ ಎಡಿಬಿ ಪುಲ್ ಕೊಟ್ಟು ಫಾರ್ಮುಗಳಿರುವ ಓಡಿಕೆಯ ಪ್ರಾಜೆಕ್ಟ್ಸ್ ಫೋಲ್ಡರನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಆಂಡ್ರಾಯ್ಡ್ 11ರ ನಂತರ ಸಾಮಾನ್ಯ ಫೈಲ್ ಮ್ಯಾನೇಜರ್‌ಗಳಿಗೆ ಆ ಫೋಲ್ಡರ್ ಸಿಗುವುದಿಲ್ಲ, ಎಡಿಬಿಗೆ ಸಿಗುತ್ತದೆ. ಪಿಎಂ ಪಾತ್ ಕಮಾಂಡಿನಿಂದ ಫೈಲ್ ಎಲ್ಲಿದೆ ಅಂತ ಕೇಳಿ ಈಗಿರುವ ಎಪಿಕೆಯನ್ನೂ ಇಳಿಸಿಡುತ್ತೇನೆ. ಎಪಿಕೆ ಒಂದಕ್ಕಿಂತ ಹೆಚ್ಚು ತುಂಡುಗಳಲ್ಲಿ ಬಂದರೆ ಗಾಬರಿ ಬೇಡ. ಪ್ಲೇ ಸ್ಟೋರ್ 2021ರ ಆಗಸ್ಟ್‌ನಿಂದ ಹೊಸ ಆ್ಯಪುಗಳಿಗೆ ಬಂಡಲ್ (ಪ್ರತಿ ಫೋನಿಗೆ ಬೇಕಾದ ತುಂಡುಗಳನ್ನಷ್ಟೇ ಕಳಿಸುವ ರೂಪ) ಕಡ್ಡಾಯ ಮಾಡಿದ ಮೇಲೆ ಇದು ಮಾಮೂಲು. ಎಲ್ಲ ತುಂಡುಗಳನ್ನೂ ಇಟ್ಟುಕೊಂಡು, ಬೇಕಾದಾಗ ಇನ್‌ಸ್ಟಾಲ್ ಮಲ್ಟಿಪಲ್ ಕಮಾಂಡಿನಿಂದ ಒಟ್ಟಿಗೆ ಹಾಕಬೇಕು. ಎಡಿಬಿಯಲ್ಲೇ ಬ್ಯಾಕಪ್ ಅಂತ ಒಂದು ಕಮಾಂಡ್ ಇದೆ, ಅದನ್ನು ನೆಚ್ಚಬೇಡಿ. ಆಂಡ್ರಾಯ್ಡ್ 12ರಿಂದ ಈಚೆಗೆ, ಆ ವರ್ಷನ್ ಅಥವಾ ಅದಕ್ಕಿಂತ ಹೊಸದಕ್ಕೆ ತಯಾರಾದ ಆ್ಯಪುಗಳ ಡೇಟಾ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ.

ಬೇಡದ ಆ್ಯಪುಗಳ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಕೀಳಬೇಡಿ, ನಿಲ್ಲಿಸಿ. ಪಿಎಂ ಡಿಸೇಬಲ್ ಯೂಸರ್ ಕೊಟ್ಟರೆ ಆ್ಯಪ್ ಓಡುವುದಿಲ್ಲ, ಕಾಣುವುದಿಲ್ಲ, ಪಿಎಂ ಎನೇಬಲ್ ಕೊಟ್ಟರೆ ವಾಪಸ್ ಬರುತ್ತದೆ. ಕೆಲವು ಫೋನುಗಳು ಇದಕ್ಕೆ ಒಪ್ಪುವುದಿಲ್ಲ. ಆಗ ಮಾತ್ರ ಪಿಎಂ ಅನ್‌ಇನ್‌ಸ್ಟಾಲ್ ಕಮಾಂಡಿಗೆ ಯೂಸರ್ 0 ಅಂತ ಸೇರಿಸಿ ತೆಗೆಯುತ್ತೇನೆ. ಹಾಗೆ ತೆಗೆದರೂ ಸಿಸ್ಟಮ್ ಆ್ಯಪಿನ ಮೂಲ ಫೈಲ್ ಫೋನಿನಲ್ಲೇ ಇರುತ್ತದೆ, ಇನ್‌ಸ್ಟಾಲ್ ಎಕ್ಸಿಸ್ಟಿಂಗ್ ಎಂಬ ಕಮಾಂಡಿನಿಂದ ಮರಳಿ ಪಡೆಯಬಹುದು. ಹಾಗಂತ ಸಿಕ್ಕಿದ್ದೆಲ್ಲ ತೆಗೆಯಬಾರದು. ಕೆಲವು ಬ್ರ್ಯಾಂಡುಗಳಲ್ಲಿ ಕಳೆದ ಫೋನ್ ಹುಡುಕುವ ಆ್ಯಪನ್ನೋ ಸೆಕ್ಯುರಿಟಿ ಆ್ಯಪನ್ನೋ ತೆಗೆದರೆ ಫೋನ್ ಮತ್ತೆ ಪೂರ್ತಿ ಆನ್ ಆಗುವುದೇ ಇಲ್ಲ, ಲೋಗೋ ತೋರಿಸುತ್ತಾ ಸುತ್ತುತ್ತಲೇ ಇರುತ್ತದೆ. ಇರುವ ಒಂದೇ ಕೀಬೋರ್ಡನ್ನು ತೆಗೆದುಬಿಟ್ಟರಂತೂ ಪರದೆಯಲ್ಲಿ ಅಕ್ಷರದ ಪಾಸ್‌ವರ್ಡ್ ಒತ್ತಲು ಆಗುವುದಿಲ್ಲ. ಪ್ಯಾಕೇಜ್ ಹೆಸರು ನೋಡಿ ಅದೇನು ಅಂತ ಗೊತ್ತಾಗದಿದ್ದರೆ ಮುಟ್ಟದೆ ಬಿಡಿ.

ಪರದೆ ಒಡೆದ ಫೋನ್ ಬಂದಾಗ ಎಸ್‌ಸಿಆರ್‌ಸಿಪಿವೈ ಇರಲಿ. ಜೆನಿಮೊಬೈಲ್ ಕಂಪನಿ 2018ರಲ್ಲಿ ಬಿಟ್ಟ ಉಚಿತ ಸಾಫ್ಟ್‌ವೇರ್ ಇದು, ಎಡಿಬಿ ಮೇಲೆಯೇ ನಡೆಯುತ್ತದೆ. ಫೋನಿನ ಪರದೆ ಕಂಪ್ಯೂಟರಿನಲ್ಲಿ ಕಾಣಿಸುತ್ತದೆ, ಮೌಸ್, ಕೀಬೋರ್ಡಿನಿಂದಲೇ ನಡೆಸಬಹುದು. ಯುಎಸ್‌ಬಿ ಡೀಬಗ್ಗಿಂಗ್ ಮೊದಲೇ ಆನ್ ಇದ್ದು, ಆ ಕಂಪ್ಯೂಟರಿಗೆ ಒಪ್ಪಿಗೆ ಸಿಕ್ಕಿದ್ದರೆ ಟಚ್ ಸತ್ತ ಫೋನಿನಿಂದಲೂ ಫಾರ್ಮ್ ಕಳಿಸಬಹುದು. ಹೊಸಬರಿಗೆ ತರಬೇತಿ ಕೊಡುವಾಗಲೂ ಪ್ರೊಜೆಕ್ಟರಿಗೆ ಇದನ್ನೇ ಹಾಕುತ್ತೇನೆ.

ಆದರೆ ಆ ಕಾರಣಕ್ಕೆ ಎಲ್ಲರ ಫೋನಿನಲ್ಲೂ ಡೀಬಗ್ಗಿಂಗ್ ಆನ್ ಇಟ್ಟು ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಸಂಸ್ಥೆಯ ಟ್ಯಾಬಿನಲ್ಲಿ ಇರಲಿ. ಸ್ವಂತ ಫೋನ್ ತಂದವರಿಗೆ ಕೆಲಸ ಮುಗಿದ ಕೂಡಲೇ ಒಪ್ಪಿಗೆ ರದ್ದು ಮಾಡಿ, ಡೆವಲಪರ್ ಆಪ್ಷನ್ಸನ್ನೇ ಆಫ್ ಮಾಡಿ ಕೊಡುತ್ತೇನೆ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪುಗಳು ತೆರೆಯುವುದೇ ಇಲ್ಲ. ಅವರು ಸಂಜೆ ಬಸ್ ಚಾರ್ಜು, ತರಕಾರಿಗೆ ದುಡ್ಡು ಕೊಡುವುದೂ ಅದೇ ಫೋನಿನಿಂದ. ಕೈಗೆ ಕೊಡುವ ಮೊದಲು ಅವರ ಎದುರೇ ಒಂದು ಸಲ ಬ್ಯಾಂಕ್ ಆ್ಯಪ್ ತೆರೆಸಿ ನೋಡಿ.