ಹೊಗೆ ಬರುತ್ತಿದೆಯೇ?

ಅಕ್ಕಿ ಮೂಟೆ ಹೇರಿ ಕಾರಟಗಿಗೆ ಹೊರಡಬೇಕಿದ್ದ ವ್ಯಾನು ಇಂದು ಸ್ಟಾರ್ಟ್ ಆಗಲೇ ಇಲ್ಲ. ಸುತ್ತ ನಿಂತವರೆಲ್ಲ "ಬ್ಯಾಟರಿ ಬದಲಿಸಿ" ಎಂದರು. ಸೆಲ್ಫ್ ಅಷ್ಟು ಜೋರಾಗಿ ತಿರುಗುವಾಗ ಬ್ಯಾಟರಿಯ ಮೇಲೇಕೆ ಅನುಮಾನ?

ನಮ್ಮ ಗಂಗಾವತಿಯ ಮೆಕ್ಯಾನಿಕ್ ಚಾಚಾ ಬಂದವರೇ ಕೇಳಿದ್ದು ಒಂದೇ ಮಾತು: "ಸೆಲ್ಫ್ ಹೊಡೆದಾಗ ಸೈಲೆನ್ಸರ್‌ನಿಂದ ಹೊಗೆ ಬರುತ್ತಿದೆಯೇ, ತಮ್ಮಾ?"

ಬರುತ್ತಿರಲಿಲ್ಲ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡಕ್ಕೆ ಸಿಕ್ಕ ಗಾಳಿ ಕಾದು, ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗಿಯೂ ಸರಿಯಾಗಿ ಉರಿಯುತ್ತಿಲ್ಲ. ಚಳಿಯಲ್ಲಿ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್, ಗಾಳಿಯ ಒತ್ತಡ ಅಂದರೆ ಕಂಪ್ರೆಷನ್ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಬಹುತೇಕ ಡೀಸೆಲ್ ತಲುಪುತ್ತಿಲ್ಲ ಎಂದೇ ಅರ್ಥ. ನಮ್ಮ ಬಿಸಿಲಿನಲ್ಲಿ ಗ್ಲೋ ಪ್ಲಗ್ಗನ್ನು ಮೊದಲು ದೂರುವ ಕಾರಣವೂ ಇಲ್ಲ.

ಚಾಚಾ ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದರು. ಮೊದಲು ಬುರುಬುರು ನೊರೆ, ಆಮೇಲೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಡೀಸೆಲ್ ಬರುವ ದಾರಿಗೆ ಗಾಳಿ ಹೊಕ್ಕಿತ್ತು. ಹೊಕ್ಕ ದಾರಿಯನ್ನು ಬೆರಳಿನಿಂದಲೇ ಸವರಿ ಹುಡುಕಿದರು: ಕ್ಲಿಪ್ಪಿನ ಪಕ್ಕದಲ್ಲಿ ರಬ್ಬರ್ ಪೈಪ್ ಕೂದಲೆಳೆಯಷ್ಟು ಸೀಳಿತ್ತು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಕಡೆಯ ಪೈಪದು. ಹೊರಗೆ ಹನಿ ಸೋರದೆಯೂ ಒಳಗೆ ಗಾಳಿ ಎಳೆದುಕೊಳ್ಳುತ್ತದೆ.

ಬಿಡಿಭಾಗಕ್ಕೆ ಕೈ ಹಾಕುವ ಮುನ್ನ ಪ್ರಶ್ನೆ ಕೇಳುವ ಇಂಥವರನ್ನು ಕಂಡರೆ ನನಗೆ ಅಪಾರ ಗೌರವ. ಆಸ್ಪತ್ರೆಯಲ್ಲಾಗಲಿ, ಶಾಲೆಯಲ್ಲಾಗಲಿ ನಾವು ಹುಡುಕುವುದು ಇಂಥವರನ್ನೇ ಅಲ್ಲವೇ?

ಹಳೆಯ ಡೀಸೆಲ್ ವ್ಯಾನು ಇಟ್ಟುಕೊಂಡಿರುವ ಗೆಳೆಯರು ಆ ಪೈಪನ್ನು ಇವತ್ತೇ ಒಮ್ಮೆ ಬಾಗಿಸಿ ನೋಡಿ.