ಹತ್ತಿಯ ಸುಂಕ, ಇಲ್ಲದ ವಿಮೆ

ಡಿಸೆಂಬರ್ 5, 2025, ಶುಕ್ರವಾರ

ಪೋಲಿಷ್ ಕಾದಂಬರಿಕಾರ ರೇಮೊಂಟ್ ತೀರಿಕೊಂಡು ಇವತ್ತಿಗೆ ನೂರು ವರ್ಷ. 1924ರ ನೊಬೆಲ್ ಅವರಿಗೆ ಬಂದದ್ದು ರೈತರ ಕಾದಂಬರಿಗೆ. ಇವತ್ತು ಮಾತಾಡಬೇಕಾದದ್ದು ಗಿರಣಿ ಕಾದಂಬರಿ ‘ಝೆಮ್ಯಾ ಒಬ್ಯೆತ್ಸಾನಾ’ ಬಗ್ಗೆ. ವಾಗ್ದತ್ತ ಭೂಮಿ ಎಂದರ್ಥ. ಪುಸ್ತಕ 1899ರದು, ಅದನ್ನು ಆಧರಿಸಿದ ಆಂದ್ಜೇಯ್ ವಾಯ್ದಾ ಅವರ ಸಿನಿಮಾ 1975ರದು.

ಕಥೆ ನಡೆಯುವ ಊರು ಪೋಲೆಂಡಿನ ವುಚ್ (Łódź). ಅಕ್ಷರ ನೋಡಿ ‘ಲೋಡ್ಜ್’ ಎನ್ನುವವರೇ ಹೆಚ್ಚು. ಆಗ ಅದು ರಷ್ಯಾ ಸಾಮ್ರಾಜ್ಯದೊಳಗಿತ್ತು. ಪೋಲೆಂಡಿಗೂ ರಷ್ಯಾಕ್ಕೂ ನಡುವಿನ ಸುಂಕದ ಗಡಿ 1851ರಲ್ಲಿ ಹೋದಮೇಲೆ ಇಲ್ಲಿನ ಬಟ್ಟೆಗೆ ರಷ್ಯಾದ ಸಂತೆಯೇ ತೆರೆಯಿತು. 1897ರ ಜನಗಣತಿಯಲ್ಲಿ ಊರಿನ ಜನ 3 ಲಕ್ಷ ದಾಟಿದ್ದರು.

ಪೋಲಿಷ್ ಕುಲೀನ ಕರೋಲ್ ಬೊರೊವ್ಯೆತ್ಸ್ಕಿ, ಜರ್ಮನ್ ಮಾಕ್ಸ್ ಬೌಮ್, ಯಹೂದಿ ಮೊರಿತ್ಸ್ ವೆಲ್ಟ್: ಬಂಡವಾಳವಿಲ್ಲದ ಈ ಮೂವರು ಗಿರಣಿ ಹಾಕಲು ಹೊರಡುತ್ತಾರೆ. ಹತ್ತಿಯ ಸುಂಕ ಏರಲಿದೆ ಎಂಬ ಸುದ್ದಿ ಕರೋಲ್‌ಗೆ ಸಿಗುವುದು ಗಿರಣಿ ಮಾಲೀಕ ತ್ಸುಕೆರ್‌ನ ಹೆಂಡತಿ, ತನ್ನ ಪ್ರೇಯಸಿ ಲೂಸಿಯಿಂದ. ಈ ದೃಶ್ಯವನ್ನು ಬರೀ ಪ್ರಣಯ ಎಂದುಕೊಂಡರೆ ಮುಂದಿನದೆಲ್ಲ ಮಂಜಾಗುತ್ತದೆ. ಲೆಕ್ಕ ಹೀಗೆ: 100 ರೂಬಲ್ ಹತ್ತಿಗೆ 10 ಇದ್ದ ಸುಂಕ 20 ಆಗಲಿದೆ ಅಂತಿಟ್ಟುಕೊಳ್ಳಿ. ಅದಕ್ಕೆ ಮೊದಲೇ ಸರಕು ಗಡಿಯೊಳಗೆ ಬಂದರೆ ತಗಲುವುದು 110. ಸುಂಕ ಏರಿದ ಮರುದಿನ ಎಲ್ಲರಿಗೂ 120. ನಡುವಿನ 10 ಕೂತಲ್ಲೇ ಲಾಭ. ಅದಕ್ಕೇ ಮೊರಿತ್ಸ್ ಹತ್ತಿ ಕೊಳ್ಳಲು ಹ್ಯಾಂಬರ್ಗಿಗೆ ಓಡುವುದು.

ಗಿರಣಿ ಏಳುತ್ತದೆ. ಲೂಸಿಯೊಂದಿಗೆ ಸಂಬಂಧವಿಲ್ಲ ಎಂದು ಕರೋಲ್ ಪವಿತ್ರ ಚಿತ್ರಪಟ ಮುಟ್ಟಿ ಸುಳ್ಳು ಆಣೆ ಹಾಕಿ, ಅವಳ ಜೊತೆಗೇ ಬರ್ಲಿನ್ ರೈಲು ಹತ್ತುತ್ತಾನೆ. ನಿಜ ತಿಳಿದ ತ್ಸುಕೆರ್ ಈ ಮೂವರ ಗಿರಣಿಗೆ ಬೆಂಕಿ ಹಾಕಿಸುತ್ತಾನೆ. ಹತ್ತಿ ಗಿರಣಿಗೆ ಕಿಡಿಯೊಂದೇ ಸಾಕು: ಗಾಳಿಯಲ್ಲೆಲ್ಲ ಹತ್ತಿಯ ಎಳೆ, ಯಂತ್ರದೆಣ್ಣೆ ಕುಡಿದ ನೆಲ. ಹೊಚ್ಚ ಹೊಸ ಗಿರಣಿಗೆ ವಿಮೆಯೂ ಇಲ್ಲ. ಕಾದಂಬರಿಯಲ್ಲಿ ನೂರಾರು ಪುಟ ಹಿಡಿದ ಲೇವಾದೇವಿ ಪರದೆಯ ಮೇಲೆ ಒಂದೇ ರಾತ್ರಿಯಲ್ಲಿ ಬೂದಿ.

ಸೆಟ್ ಹಾಕಬೇಕಾದ ಕಷ್ಟ ಹೆಚ್ಚು ಇರಲಿಲ್ಲ. ವುಚ್‌ನಲ್ಲಿ ಹಳೇ ಯಂತ್ರಗಳು ಎಪ್ಪತ್ತರ ದಶಕದಲ್ಲೂ ಓಡುತ್ತಿದ್ದವು. ವೈಡ್ ಆ್ಯಂಗಲ್ ಲೆನ್ಸಿನಲ್ಲಿ ಮುಖ ಹತ್ತಿರ ಬಂದರೂ ಹಿಂದಿನ ಮಗ್ಗದ ಸಾಲು ಬಿಟ್ಟುಹೋಗುವುದಿಲ್ಲ. ಮಗಳನ್ನು ಕೆಡಿಸಿದ ಗಿರಣಿ ಮಾಲೀಕ ಕೆಸ್ಲರ್ ಜೊತೆ ಕಾರ್ಮಿಕ ಮಾಲಿನೋವ್‌ಸ್ಕಿ ಕೈಕೈ ಮಿಲಾಯಿಸಿ, ಇಬ್ಬರೂ ಉಗಿಯಂತ್ರದ ಭಾರೀ ಚಕ್ರಕ್ಕೆ (ಫ್ಲೈವೀಲ್) ಸಿಕ್ಕುವ ದೃಶ್ಯದಲ್ಲಿ ಆ ಚಕ್ರದ ಗಾತ್ರವೇ ಭಯ ಹುಟ್ಟಿಸುತ್ತದೆ. ವೊಯ್ಚೆಹ್ ಕಿಲಾರ್ ಅವರ ಸಂಗೀತಕ್ಕೂ ಯಂತ್ರದ ಓಟವಿದೆ.

ಕೊನೆಯನ್ನು ವಾಯ್ದಾ ಬದಲಿಸಿದ್ದಾರೆ. ಎರಡರಲ್ಲೂ ಕರೋಲ್ ಶ್ರೀಮಂತೆ ಮಾದಾ ಮುಲ್ಲರ್‌ಳನ್ನು ಮದುವೆಯಾಗಿ ಮತ್ತೆ ಮೇಲೇಳುತ್ತಾನೆ. ಕಾದಂಬರಿಯಲ್ಲಿ ಅವನಿಗೆ ಪಶ್ಚಾತ್ತಾಪವಾಗುತ್ತದೆ. ಚಿತ್ರದಲ್ಲಿ ಮುಷ್ಕರದವರ ಕಲ್ಲು ಕಿಟಕಿಯಿಂದ ಒಳಗೆ ಬೀಳುತ್ತದೆ. ಗುಂಡು ಹಾರಿಸಲು ಅವನು ಒಪ್ಪಿಗೆ ಕೊಡುತ್ತಾನೆ. ನನಗೆ ಚಿತ್ರದ್ದೇ ಸರಿ ಕಾಣುತ್ತದೆ. ಸುಂಕದ ಲೆಕ್ಕದಿಂದ ಬೆಳೆದವನು ಒಮ್ಮೆಗೇ ಕರಗುವುದು ನಂಬಲಾಗದು.

ನೋಡುವವರು ಅವಧಿ ಗಮನಿಸಿ. ಮೂಲ ಪ್ರತಿ ಸುಮಾರು 3 ಗಂಟೆಯದು. 2000ದಲ್ಲಿ ವಾಯ್ದಾ ಅವರೇ ಕತ್ತರಿಸಿದ ಪ್ರತಿ ಅದಕ್ಕಿಂತ ಸಾಕಷ್ಟು ಚಿಕ್ಕದು, ರೈಲಿನ ದೃಶ್ಯಕ್ಕೆ ಅಲ್ಲಿ ಕತ್ತರಿ ಬಿದ್ದಿದೆ. ಮೊದಲು ಉದ್ದದ್ದನ್ನೇ ನೋಡಿ.